ಸಿಸ್ಟಮಣ್ಣನ ಫುಲ್ ಕಂಟ್ರೋಲ್

ತಿಂಗಳ 20ನೇ ತಾರೀಖು ಸಂಜೆ ಕೊಳ್ಳೇಗಾಲದಲ್ಲಿ ಯಾರ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತದೆ ಎಂದು ಯಾವ ವರ್ತಕರನ್ನು ಬೇಕಾದರೂ ಕೇಳಿ, ಸಿಸ್ಟಮಣ್ಣನದು ಅನ್ನುತ್ತಾರೆ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ. ಅದು ಅವನ ಮದುವೆ ಪತ್ರಿಕೆಯಲ್ಲಿ ಮಾತ್ರ ಕಂಡಿದ್ದು. ಹನೂರಿನಲ್ಲೊಬ್ಬ, ಯಳಂದೂರಿನಲ್ಲೊಬ್ಬ ಸಿಸ್ಟಮಣ್ಣ ಇದ್ದೇ ಇರುತ್ತಾನೆ. ಎಲ್ಲರ ಬ್ಯಾಗಿನಲ್ಲೂ ಕ್ರಿಂಪಿಂಗ್ ಟೂಲು, ಒಂದು ಹಿಡಿ ಪಿನ್ನು, ವಿಂಡೋಸ್ ತುಂಬಿದ ಪೆನ್‌ಡ್ರೈವು, ಅರ್ಧ ತಿಂದ ಬಿಸ್ಕತ್ ಪೊಟ್ಟಣ.

20ನೇ ತಾರೀಖೇ ಯಾಕೆಂದರೆ, ಪ್ರತಿ ತಿಂಗಳೂ ಜಿಎಸ್‌ಟಿ 3ಬಿ ರಿಟರ್ನ್ ಹಾಕುವವರಿಗೆ ಅದೇ ಕಡೇ ದಿನ. ರೇಷ್ಮೆ ಸೀರೆ ಅಂಗಡಿಯ ಟ್ಯಾಲಿ ಲೆಕ್ಕವೆಲ್ಲ ಒಂದು ಕಂಪ್ಯೂಟರಿನ ಶೇರ್ಡ್ ಫೋಲ್ಡರಿನಲ್ಲಿ ಕೂತಿರುತ್ತದೆ. ಸರಿಯಾಗಿ ಅವತ್ತೇ ಅದು ಮುನಿಸಿಕೊಳ್ಳುತ್ತದೆ.

"ಅಣ್ಣಾ, ಆಕ್ಸೆಸ್ ಡಿನೈಡ್ ಅಂತದೆ."

"ಏನ್ ಮಾಡುದ್ರಿ?"

"ಏನೂ ಮಾಡ್ನಿಲ್ಲ ಕಣಣ್ಣ. ತಾನೇ ಆಗ್ಬುಟ್ಟದೆ."

'ಏನೂ ಮಾಡ್ನಿಲ್ಲ' ಅಂದರೆ ಪಾಸ್‌ವರ್ಡ್ ಬದಲಾಯಿಸಿದ್ದಾರೆ, ಇಲ್ಲವೇ ಫೋಲ್ಡರನ್ನು ಎಲ್ಲಿಂದಲೋ ಎಲ್ಲಿಗೋ ಎಳೆದುಹಾಕಿದ್ದಾರೆ ಎಂದು ಸಿಸ್ಟಮಣ್ಣ ಅನುಭವದಿಂದ ಬಲ್ಲ. ಹೋದವನೇ ಮೊದಲು ಕೇಳುವುದು, ಫೋಲ್ಡರ್ ಇರುವ ಕಂಪ್ಯೂಟರಿನಲ್ಲೇ ಕೂತು ತೆಗೆದರೆ ತೆಗೆಯುತ್ತದೋ ಎಂದು. ತೆಗೆದರೆ ಅರ್ಧ ರೋಗ ಸಿಕ್ಕ ಹಾಗೆ. ವಿಂಡೋಸಿನಲ್ಲಿ ಅನುಮತಿ ಎರಡು ಕಡೆ ಇರುತ್ತದೆ: ಶೇರ್ ಪರ್ಮಿಷನ್ ಒಂದು, ಡಿಸ್ಕಿನ ಎನ್‌ಟಿಎಫ್‌ಎಸ್ ಪರ್ಮಿಷನ್ ಇನ್ನೊಂದು. ಅಲ್ಲೇ ಕೂತವನಿಗೆ ಎರಡನೆಯದು ಮಾತ್ರ ಲೆಕ್ಕ. ನೆಟ್‌ವರ್ಕಿನಲ್ಲಿ ಬರುವವನು ಎರಡನ್ನೂ ದಾಟಬೇಕು, ಎರಡರಲ್ಲಿ ಯಾವುದು ಬಿಗಿಯೋ ಅದೇ ಗೆಲ್ಲುತ್ತದೆ. ಈ ವಿಷಯ ಹೇಳುವಾಗ ಅವನ ದನಿಯಲ್ಲಿ ಹಳೇ ಕಾಲದ ಕೊರಗು ಇಣುಕುತ್ತದೆ. ವಿಂಡೋಸ್ 2000ದಲ್ಲಿ ಹೊಸದಾಗಿ ಶೇರ್ ಮಾಡಿದರೆ 'ಎವೆರಿವನ್'ಗೆ ಫುಲ್ ಕಂಟ್ರೋಲ್ ತಾನಾಗೇ ಬರುತ್ತಿತ್ತು; ಸರ್ವರ್ 2003 ಬಂದದ್ದೇ ಅದನ್ನು ಬರೀ 'ರೀಡ್'ಗೆ ಇಳಿಸಿಬಿಟ್ಟರು. "ಆಗ ಜನ್ರ ಮೇಲೆ ನಂಬ್ಕೆ ಇತ್ತು ಸಾ" ಅನ್ನುತ್ತಾನೆ.

ಫೋಲ್ಡರ್ ಎಳೆದುಹಾಕಿದವರಿಗೆ ಅವನು ಊರಿನ ಚರಿತ್ರೆಯನ್ನೇ ಪಾಠ ಮಾಡುತ್ತಾನೆ. ಒಂದೇ ಡ್ರೈವಿನೊಳಗೆ ಕಾಪಿ ಮಾಡಿದರೆ ಹೊಸ ಜಾಗದ ಪರ್ಮಿಷನ್ ಹತ್ತಿಕೊಳ್ಳುತ್ತದೆ, ಕಟ್ ಮಾಡಿ ಪೇಸ್ಟ್ ಮಾಡಿದರೆ ಹಳೆಯದೇ ಅಂಟಿಕೊಂಡು ಬರುತ್ತದೆ. "ನಮ್ಮ ಕೊಳ್ಳೇಗಾಲ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೇಲಿತ್ತು. 1956 ನವೆಂಬರ್ 1ಕ್ಕೆ ಕಟ್ ಮಾಡಿ ಮೈಸೂರಿಗೆ ಪೇಸ್ಟ್ ಮಾಡುದ್ರು. ನಿಮ್ಮ ತಾತನ ಪತ್ರ ತೆಗ್ದು ನೋಡಿ, ಕೊಯಮತ್ತೂರು ಅಂತ್ಲೇ ಇರ್ತದೆ." 1997ರಲ್ಲಿ ಚಾಮರಾಜನಗರ ಜಿಲ್ಲೆಯಾದದ್ದು, 2017ರ ಬಜೆಟ್ಟಿನಲ್ಲಿ ಹನೂರು ತಾಲ್ಲೂಕೆಂದು ಘೋಷಣೆಯಾದದ್ದು, ಎಲ್ಲವೂ ಅವನ ಪಾಲಿಗೆ ಪರ್ಮಿಷನ್ ಅಧ್ಯಾಯದ ಉದಾಹರಣೆಗಳೇ. ಮೇಷ್ಟ್ರಾಗಬೇಕಿದ್ದ ಮನುಷ್ಯ.

ಗ್ರೂಪಿನ ವಿಷಯಕ್ಕೆ ಬಂದರೆ ಮಾತ್ರ ತಾಳ್ಮೆ ತಪ್ಪುತ್ತದೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಅನುಮತಿ ಕೊಡಬೇಡಿ, ಲೆಕ್ಕದವರಿಗೊಂದು ಗ್ರೂಪು, ಸ್ಟಾಕಿನವರಿಗೊಂದು ಗ್ರೂಪು ಮಾಡಿ, ಜನ ಬಂದ ಹಾಗೆ ಸೇರಿಸಿ, ಹೋದ ಹಾಗೆ ತೆಗೆಯಿರಿ ಎಂದು ಎಷ್ಟು ಹೇಳಿದರೂ ಸಾವ್ಕಾರ್ರು ಕೇಳುವುದಿಲ್ಲ. ಅವರಿಗೆ ಬೇಕಾದ್ದು ಒಂದೇ: ಸಂಬಳದ ಫೋಲ್ಡರನ್ನು ಕೆಲಸದ ಹುಡುಗರು ನೋಡಕೂಡದು. ಅಣ್ಣ ಬರುವುದು ತಡವಾಯಿತೆಂದು ಒಮ್ಮೆ ಸಾವ್ಕಾರ್ರೇ ಮೌಸ್ ಹಿಡಿದರು. ಪಟ್ಟಿಯಲ್ಲಿ 'ಎವೆರಿವನ್' ಎಂದಿದ್ದ ಕಡೆ 'ಡಿನೈ' ಕಾಲಮ್ಮಿಗೆ ಟಿಕ್ ಒತ್ತಿದರು. ವಿಂಡೋಸ್ ಎಚ್ಚರಿಕೆ ಕೊಟ್ಟಿತು. ನಮ್ಮ ಜನ ಎಚ್ಚರಿಕೆಗೆ ಕೊಡುವ ಉತ್ತರ 'ಯೆಸ್'. ಅವರಿಗೆ ಬೇರೆ ಸಾಲಿನಲ್ಲಿ ಫುಲ್ ಕಂಟ್ರೋಲ್ ಇತ್ತು, ನಿಜ. ಆದರೆ ಒಂದೇ ಕಡೆ ನೇರವಾಗಿ ಹಾಕಿದ 'ಅಲೋ', 'ಡಿನೈ' ಎದುರಾದರೆ ಗೆಲ್ಲುವುದು ಡಿನೈ.

"ಎವೆರಿವನ್ ಅಂದ್ರೆ ನಾನೂ ಸೇರ್ತೀನಾ?" ಎಂದರು ಸಾವ್ಕಾರ್ರು, ತಮ್ಮ ಅಂಗಡಿಯಲ್ಲೇ ಪರಕೀಯರಾಗಿ.

"ನೀವೂ ಸೇರ್ತೀರಿ ಸಾವ್ಕಾರ್ರೇ. ಕಂಪ್ಯೂಟರ್‌ಗೆ ದೊಡ್ಡೋರು ಚಿಕ್ಕೋರು ಗೊತ್ತಾಗಲ್ಲ."

ಎಲ್ಲ ಸರಿಮಾಡಿ, ಹೊಸ ಹುಡುಗಿಯನ್ನು ಲೆಕ್ಕದ ಗ್ರೂಪಿಗೆ ಸೇರಿಸಿದ ಮೇಲೂ ಅವಳಿಗೆ ಫೋಲ್ಡರ್ ತೆಗೆಯುವುದಿಲ್ಲ. ಆಗ ಅವನು ಹೇಳುವ ಮಂತ್ರ, "ಒಂದ್ಸಲ ಲಾಗಾಫ್ ಆಗಿ ಬಾವ್ವ." ಏನೂ ಗೊತ್ತಿಲ್ಲದವರು ಹೇಳುವ ಮಾತೆಂದು ಅಂಗಡಿಯವರು ನಗುತ್ತಾರೆ. ಪಾಪ, ಈ ಸಲ ಅದು ಶಾಸ್ತ್ರೋಕ್ತ ಸಲಹೆ. ಯಾರು ಯಾವ ಗ್ರೂಪಿನವರೆಂಬ ಚೀಟಿ ಸಿದ್ಧವಾಗುವುದು ಲಾಗಿನ್ ಆಗುವ ಹೊತ್ತಿನಲ್ಲೇ. ಬೆಳಿಗ್ಗೆ ಒಳಗೆ ಬಂದವಳು ಸಂಜೆಯವರೆಗೂ ಬೆಳಗಿನ ಚೀಟಿಯಲ್ಲೇ ಇರುತ್ತಾಳೆ.

ಒಳಗೆ ಬಂದವರು ಯಾರು ಎಂಬ ರಗಳೆಯನ್ನು ಸರ್ಕಾರ ಬೇರೆ ರೀತಿ ಬಗೆಹರಿಸಿತ್ತು. ತಾಲ್ಲೂಕು ಕಚೇರಿಗಳಿಗೆ ಭೂದಾಖಲೆಯ 'ಭೂಮಿ' ವ್ಯವಸ್ಥೆ ಬಂದು ಕೈಬರಹದ ಪಹಣಿ ಹೋದ ಕಾಲದಲ್ಲಿ, 15 ರೂಪಾಯಿಗೆ ಆರ್‌ಟಿಸಿ ಕೊಡುತ್ತಿದ್ದಾಗ, ದಾಖಲೆ ತಿದ್ದುವ ನೌಕರ ಬೆರಳಚ್ಚು ಒತ್ತಿಯೇ ಒಳಗೆ ಹೋಗಬೇಕಿತ್ತು. ನನ್ನ ಪಾಸ್‌ವರ್ಡ್ ಬೇರೆಯವರು ಬಳಸಿದರು ಅನ್ನುವ ಹಾಗಿಲ್ಲ, ಬೆರಳು ಸಾಲ ಕೊಡಲಾಗುವುದಿಲ್ಲ. ಸೀರೆ ಅಂಗಡಿಯಲ್ಲಿ ಪಾಸ್‌ವರ್ಡು ಮಾನಿಟರಿನ ಅಂಚಿಗೆ ಅಂಟಿಸಿದ ಚೀಟಿಯಲ್ಲಿದೆ, ಪಕ್ಕದಲ್ಲಿ ಮಾದಪ್ಪನ ಪಟ.

2017ರ ಮೇನಲ್ಲಿ ವಾನಾಕ್ರೈ ಎಂಬ ಪಿಡುಗು ಎಸ್‌ಎಂಬಿ 1 ಎಂಬ ಹಳೇ ಶೇರಿಂಗ್ ವ್ಯವಸ್ಥೆಯ ದೋಷ ಹಿಡಿದು ಲೋಕವೆಲ್ಲ ಸುತ್ತಿತು. ಅದೇ ವರ್ಷದ ಕೊನೆಗೆ ಬಂದ ವಿಂಡೋಸ್ 10ರ ಅಪ್‌ಡೇಟಿನಿಂದ, ಹೊಸದಾಗಿ ಹಾಕಿದ ವಿಂಡೋಸಿನಲ್ಲಿ ಎಸ್‌ಎಂಬಿ 1 ತಾನಾಗಿ ಬರುವುದು ನಿಂತಿತು. ಸಿಸ್ಟಮಣ್ಣ ಓದಿಕೊಂಡಿದ್ದಾನೆ, ಭಯವೂ ಇದೆ. ಆದರೆ ಮೂಲೆಯ ಹಳೇ ಸ್ಕ್ಯಾನರಿಗೆ ಬೇರೆ ಭಾಷೆ ಬಾರದು, ಹೊಸದಕ್ಕೆ ಸಾವ್ಕಾರ್ರು ದುಡ್ಡು ಬಿಚ್ಚರು. ಕೊನೆಗೆ ಅವನೇ ಹೋಗಿ ಆನ್ ಮಾಡಿ ಬರುತ್ತಾನೆ.

ರಾತ್ರಿ ಎಂಟಾಯಿತು, ರಿಟರ್ನ್ ಇನ್ನೂ ಹೋಗಿಲ್ಲ, ಆಡಿಟರ್ ಕಡೆಯ ಹುಡುಗ ಫೋನಿನಲ್ಲಿ ಕೂಗುತ್ತಿದ್ದಾನೆ. ಗ್ರೂಪು, ಶಾಸ್ತ್ರ ಎಲ್ಲ ಪಕ್ಕಕ್ಕೆ ಸರಿಯುತ್ತದೆ. ಎವೆರಿವನ್, ಫುಲ್ ಕಂಟ್ರೋಲ್, ಅಪ್ಲೈ, ಓಕೆ. ಟ್ಯಾಲಿ ತೆರೆಯಿತು. ಸಾವ್ಕಾರ್ರು ಕಾಫಿ ತರಿಸಿದರು, ದುಡ್ಡು ಕೊಡುವಾಗ "ಒಂದ್ ಟಿಕ್ ಹಾಕುದ್ದುಕ್ಕೆ ಇಷ್ಟಾ?" ಎಂದರು.

ಹಾಗೆ ಎಲ್ಲರಿಗೂ ಕೊಟ್ಟ ಮೇಲೆ ಯಾರೋ ಒಬ್ಬರು ಫೋಲ್ಡರನ್ನೇ ಅಳಿಸುತ್ತಾರೆ, ನೆಟ್‌ವರ್ಕಿನಿಂದ ಅಳಿಸಿದ್ದು ರೀಸೈಕಲ್ ಬಿನ್ನಿಗೂ ಬೀಳುವುದಿಲ್ಲ ಎಂಬುದು ಅವನಿಗೆ ಗೊತ್ತು. ಅದಕ್ಕೇ ಹೊರಡುವ ಮುಂಚೆ, ಹೆಸರಿನ ಕೊನೆಗೆ ಡಾಲರ್ ಚಿಹ್ನೆ ಹಾಕಿ ನೆಟ್‌ವರ್ಕಿನ ಪಟ್ಟಿಯಲ್ಲಿ ಯಾರಿಗೂ ಕಾಣದ ಇನ್ನೊಂದು ಶೇರ್ ಮಾಡಿ, ದಿನವೂ ರಾತ್ರಿ ಲೆಕ್ಕವೆಲ್ಲ ಅದಕ್ಕೆ ಕಾಪಿಯಾಗುವಂತೆ ಇಟ್ಟಿದ್ದಾನೆ. ಅದರ ಪರ್ಮಿಷನ್ ಪಟ್ಟಿಯಲ್ಲಿ ಅವನೊಬ್ಬನದೇ ಹೆಸರು. ಮೊನ್ನೆ ಸಾವ್ಕಾರ್ರು ಫೋನ್ ಮಾಡಿ, ಡಿ ಡ್ರೈವು ಯಾಕೋ ತುಂಬಿ ಕೆಂಪಗಾಗಿದೆ ಎಂದರಂತೆ.

"ವಿಂಡೋಸ್ ಅಪ್‌ಡೇಟ್ ಇರ್ಬೇಕು ಬುಡಿ ಸಾವ್ಕಾರ್ರೇ" ಎಂದು ಸಿಸ್ಟಮಣ್ಣ ಯಳಂದೂರಿನ ಕಡೆ ಬೈಕ್ ತಿರುಗಿಸಿದ.