ಸಮರಕಾಲದ ಲಾಡ್ಜುಪ್ರತಿಷ್ಠೆ: ಒಂದು ಶಾಸ್ತ್ರವಿಚಾರ

ಶಾಸ್ತ್ರಗ್ರಂಥವನ್ನು ಆರಂಭಿಸುವವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ಮೊದಲೇ ನಿರೂಪಿಸತಕ್ಕದ್ದೆಂದು ಪೂರ್ವಿಕರು ವಿಧಿಸಿರುವುದರಿಂದಲೂ, ಹಾಗೆ ನಿರೂಪಿಸದೆ ಬರೆದ ಗ್ರಂಥಗಳನ್ನು ಜನರು ಸಂತೋಷದಿಂದ ಓದಿಬಿಡುವ ಅಪಾಯವಿರುವುದರಿಂದಲೂ, ನಾವು ಆ ವಿಧಿಯನ್ನು ಮೀರುವುದಿಲ್ಲ. ಒಂದು ಊರನ್ನು ಸೈನ್ಯವೊಂದು ಮುತ್ತಿಕೊಂಡು, ಒಳಗಿನವರು ಹೊರಗಿನವರ ಮೇಲೂ ಹೊರಗಿನವರು ಒಳಗಿನವರ ಮೇಲೂ ಗುಂಡು ಹಾರಿಸುತ್ತಿರುವಾಗ, ಅದೇ ಊರಿನಲ್ಲಿ ಕೆಲವು ಮಂದಿ ಸೇರಿ ಸಕಲ ಮಾನವರ ಭ್ರಾತೃತ್ವವನ್ನು ಸಾರುವ ಫ್ರೀಮೇಸನ್ ಲಾಡ್ಜೊಂದನ್ನು ಸ್ಥಾಪಿಸಿದರೆ, ಆ ಲಾಡ್ಜು ಊರ್ಜಿತವೋ ಅನೂರ್ಜಿತವೋ ಎಂಬುದು ಇಲ್ಲಿ ವಿಷಯ. ಪ್ರಯೋಜನವು ಏನೂ ಇಲ್ಲವೆಂಬುದು ಮೇಲ್ನೋಟಕ್ಕೇ ಸ್ಪಷ್ಟವಾಗಿರುವುದರಿಂದ ಅದನ್ನು ವಿಸ್ತರಿಸುವುದಿಲ್ಲ. ಇರುವ ವಿಷಯಕ್ಕೂ ಇಲ್ಲದ ಪ್ರಯೋಜನಕ್ಕೂ ಇರತಕ್ಕ ಸಂಬಂಧವನ್ನು ನೈಯಾಯಿಕರು ಬಿಡುವಾದಾಗ ವಿವರಿಸಲಿ. ಅಧಿಕಾರಿಯ ಪ್ರಶ್ನೆ ಮಾತ್ರ ಬಹಳ ತೊಡಕಿನದು, ಜಗಳವೆಲ್ಲ ಅದರದೇ.

ಉದಾಹರಣೆಗಾಗಿ ನಾವು ಎತ್ತಿಕೊಂಡಿರುವುದು ಅಮೆರಿಕದ ಬಾಸ್ಟನ್ ನಗರದಲ್ಲಿ 1775ರಲ್ಲಿ ಹುಟ್ಟಿದ ಆಫ್ರಿಕನ್ ಲಾಡ್ಜು. ಫ್ರೀಮೇಸನ್ನರೆಂದರೆ ಗಾರೆಕೆಲಸದವರ ಮೂಲೆಮಟ್ಟ, ಕೈವಾರ, ತೂಗುಗುಂಡು, ಕರಣೆಗಳನ್ನು ಗಾರೆಯನ್ನು ಮುಟ್ಟದೆ ಉಪಯೋಗಿಸುವ ಸಭ್ಯರು. ಆ ಉಪಕರಣಗಳಿಂದ ಗೋಡೆಯನ್ನಲ್ಲ, ತಂತಮ್ಮ ನಡತೆಯನ್ನು ನೆಟ್ಟಗೆ ಮಾಡಿಕೊಳ್ಳುವೆವೆಂದು ಬಾಗಿಲು ಮುಚ್ಚಿಕೊಂಡು ಪ್ರತಿಜ್ಞೆ ಮಾಡತಕ್ಕವರು. ಲಂಡನ್ನಿನಲ್ಲಿ ಇವರ ಮಹಾಲಾಡ್ಜು 1717ರಲ್ಲಿ ಹುಟ್ಟಿತು. 1751ರಲ್ಲಿ ಇನ್ನೊಂದು ಹುಟ್ಟಿ, ತನ್ನನ್ನು ಪ್ರಾಚೀನರ ಲಾಡ್ಜೆಂದು ಕರೆದುಕೊಂಡು, ತನಗಿಂತ 34 ವರ್ಷ ಹಿರಿಯದಾದ ಮೊದಲಿನದಕ್ಕೆ ನವೀನರದೆಂದು ಹೆಸರಿಟ್ಟಿತು. ಕಾಲಗಣನೆಯಲ್ಲಿ ಇಷ್ಟೊಂದು ಸ್ವಾತಂತ್ರ್ಯವನ್ನು ನಮ್ಮ ಪುರಾಣಕರ್ತರೂ ವಹಿಸಿಕೊಂಡಿರಲಾರರು. ಭ್ರಾತೃತ್ವವನ್ನು ಬೋಧಿಸತಕ್ಕ ಸಂಸ್ಥೆಯು ಹೀಗೆ ಎರಡು ಹೋಳಾಗಿ 1813ರವರೆಗೆ ಬೇರೆ ಬೇರೆಯಾಗಿಯೇ ನಡೆದುಬಂದ ಸಂಗತಿಯನ್ನು, ಯಾರು ಯಾರಿಗೆ ಅಧಿಕಾರವನ್ನು ಕೊಡಬಲ್ಲರೆಂದು ಮುಂದೆ ನಾವು ತಲೆ ಕೆಡಿಸಿಕೊಳ್ಳುವಾಗ ಓದುಗರು ಜ್ಞಾಪಕದಲ್ಲಿಡತಕ್ಕದ್ದು.

ಲಾಡ್ಜು ಸ್ಥಾವರವೋ ಜಂಗಮವೋ ಎಂಬುದು ಮೊದಲನೆಯ ಅಧಿಕರಣ. ಐರ್ಲೆಂಡಿನ ಮಹಾಲಾಡ್ಜು 1732ರಲ್ಲಿಯೇ ಒಂದು ಪದಾತಿದಳಕ್ಕೆ ಸನ್ನದು ಕೊಟ್ಟು, ದಂಡು ಹೋದ ಕಡೆಗೆ ಲಾಡ್ಜೂ ಹೋಗಬಹುದೆಂಬ ಸಂಪ್ರದಾಯವನ್ನು ಹಾಕಿಕೊಟ್ಟಿತು. ದೊರೆಯ ಸಿಪಾಯಿಗಳು ಹಗಲು ಕವಾಯತು ಮಾಡಿ, ಸಂಜೆ ಪೆಟ್ಟಿಗೆಯಿಂದ ಸನ್ನದನ್ನೂ ಕುರಿಮರಿಯ ಚರ್ಮದ ಏಪ್ರನ್ನುಗಳನ್ನೂ ತೆಗೆದು, ಯಾವನೋ ಹೆಂಡದಂಗಡಿಯವನ ಮಹಡಿಯ ಮೇಲೆ ವಿಶ್ವಭ್ರಾತೃಗಳಾಗುತ್ತಿದ್ದರು. ಮರುದಿನ ಅಪ್ಪಣೆಯಾದರೆ ಆ ವಿಶ್ವದ ಒಂದು ಭಾಗವನ್ನು ಕೊಲ್ಲುವುದಕ್ಕೆ ಅದರಿಂದ ಯಾವ ಅಡ್ಡಿಯೂ ಇರಲಿಲ್ಲ. ಇಂಥ ಜಂಗಮ ಲಾಡ್ಜುಗಳಲ್ಲೊಂದು, ಐರಿಷ್ ಪಟ್ಟಿಯಲ್ಲಿ 441ನೆಯದು, ಬಾಸ್ಟನ್ನಿನಲ್ಲಿ ಬೀಡುಬಿಟ್ಟಿದ್ದ 38ನೆಯ ಪದಾತಿದಳದಲ್ಲಿತ್ತು. ಊರಿನ ಬಿಳಿಯರ ಲಾಡ್ಜುಗಳ ಬಾಗಿಲು ತಮಗೆ ತೆರೆಯದೆ ಇದ್ದುದರಿಂದ ಪ್ರಿನ್ಸ್ ಹಾಲ್ ಎಂಬ ಚರ್ಮಹದಗಾರನೂ ಅವನ 14 ಮಂದಿ ಸಂಗಡಿಗರೂ, ಎಲ್ಲರೂ ಆಫ್ರಿಕಾ ಮೂಲದ ಸ್ವತಂತ್ರರು, 1775ರ ಮಾರ್ಚ್ 6ರಂದು ಈ ದಂಡಿನ ಲಾಡ್ಜಿನಲ್ಲಿ, ಸಾರ್ಜೆಂಟ್ ಜಾನ್ ಬ್ಯಾಟನ ಕೈಯಲ್ಲಿ ದೀಕ್ಷೆ ಪಡೆದರು. ಆ ದಿನವು 1775ರದಲ್ಲ, 1778ರದೆಂದು ವಾದಿಸುವ ವಿದ್ವಾಂಸರೂ ಉಂಟು. ಅವರಿಗೂ ಜೀವನೋಪಾಯ ಬೇಕಾದುದರಿಂದ ನಾವು ಅವರನ್ನು ಖಂಡಿಸುವುದಿಲ್ಲ, ಸಂಪ್ರದಾಯವನ್ನೇ ಅನುಸರಿಸುತ್ತೇವೆ.

ದೀಕ್ಷೆಯಾದ ಆರು ವಾರಗಳಿಗೆ, ಏಪ್ರಿಲ್ 19ರಂದು, ಲೆಕ್ಸಿಂಗ್ಟನ್ನಿನಲ್ಲಿ ಗುಂಡು ಹಾರಿತು. ಇಂಗ್ಲೆಂಡಿನ ದೊರೆಯ ವಿರುದ್ಧ ಬಂಡೆದ್ದ ರೈತರು ಬಾಸ್ಟನ್ನನ್ನು ಮುತ್ತಿದರು. ಮುತ್ತಿಗೆಯೊಳಗಿನ ದಂಡಿನವರು ಓಲ್ಡ್ ಸೌತ್ ಸಭಾಮಂದಿರದ ಪೀಠಗಳನ್ನು ಕಿತ್ತು ಅದನ್ನು ಕುದುರೆ ಸವಾರಿಯ ಶಾಲೆಯನ್ನಾಗಿ ಮಾಡಿದರು. ಇನ್ನೊಂದು ಮಂದಿರವನ್ನು ಚಳಿಗಾಲದಲ್ಲಿ ಸೌದೆಗಾಗಿ ಕೆಡವಿದರು. ನಿಜವಾದ ಕಟ್ಟಡಗಳೆಲ್ಲ ಹೀಗೆ ಒಲೆಗೆ ಹೋಗಲಿದ್ದ ಆ ಊರಿನಲ್ಲಿ ಸಾಂಕೇತಿಕ ಗಾರೆಯ 15 ಮಂದಿ 1775ರ ಜುಲೈ 3ರಂದು ತಮ್ಮ ಆಫ್ರಿಕನ್ ಲಾಡ್ಜನ್ನು ಕಟ್ಟಿದರು. ಅದೇ ದಿನ ಹೊಳೆಯ ಆಚೆ ಕೇಂಬ್ರಿಜ್ಜಿನಲ್ಲಿ ಜಾರ್ಜ್ ವಾಷಿಂಗ್ಟನ್ನನು ಮುತ್ತಿಗೆಯ ಸೈನ್ಯದ ಆಧಿಪತ್ಯವನ್ನು ವಹಿಸಿಕೊಂಡನು. ಅವನೂ 1752ರಲ್ಲಿಯೇ ದೀಕ್ಷೆ ಪಡೆದ ಮೇಸನ್. ಹೊಳೆಯ ಎರಡು ದಡಗಳಲ್ಲಿಯೂ ಸಹೋದರರೇ ಇದ್ದರೆಂಬುದನ್ನು ಭ್ರಾತೃತ್ವಕ್ಕೆ ಪ್ರಮಾಣವೆಂದು ತೆಗೆದುಕೊಳ್ಳಬೇಕೋ, ದಾಯಾದಿತ್ವಕ್ಕೆ ಪ್ರಮಾಣವೆಂದು ತೆಗೆದುಕೊಳ್ಳಬೇಕೋ, ಮಹಾಭಾರತವನ್ನು ಬಲ್ಲ ನಮ್ಮ ಓದುಗರಿಗೆ ಹೇಳಿಕೊಡಬೇಕಾಗಿಲ್ಲ.

ಇನ್ನು ಪ್ರಧಾನ ಪೂರ್ವಪಕ್ಷ: ಸನ್ನದಿಲ್ಲದೆ ಲಾಡ್ಜೇ? ಬ್ಯಾಟನು ಇವರನ್ನು ಮೇಸನ್ನರನ್ನಾಗಿ ಮಾಡಿದನೇ ಹೊರತು ಲಾಡ್ಜಿಗೆ ಸನ್ನದನ್ನು ಬರೆದುಕೊಡುವ ಶಕ್ತಿ ಸಾರ್ಜೆಂಟನಿಗಿರಲಿಲ್ಲ. 1776ರ ಮಾರ್ಚ್ 17ರಂದು ದಂಡೇ ಪೆಟ್ಟಿಗೆಯೊಡನೆ ಹಡಗು ಹತ್ತಿ ಹೊರಟುಹೋಯಿತು. ಹಾಲನೇ ಮುಂದೆ ಲಂಡನ್ನಿಗೆ ಬರೆದಂತೆ, ಅವರ ಕೈಯಲ್ಲಿದ್ದುದು ಬಾಸ್ಟನ್ನಿನ ಮೇಸನ್ನರ ಮಹಾಧಿಪತಿ ಜಾನ್ ರೋ ಕೊಟ್ಟ ಒಂದು ಅನುಜ್ಞೆ ಮಾತ್ರ: ಸಂತ ಜಾನನ ದಿನದಂದು ಮೆರವಣಿಗೆಯಲ್ಲಿ ನಡೆಯಬಹುದು, ಸತ್ತವರನ್ನು ಕ್ರಮಪ್ರಕಾರ ಹೂಳಬಹುದು. ನಡೆಯುವುದು, ಹೂಳುವುದು, ಇವೆರಡೇ. ಮೀಮಾಂಸಕರ ದೃಷ್ಟಿಯಿಂದ ಈ ವಾಕ್ಯವು ಅತ್ಯಂತ ರುಚಿಕರವಾದುದು. ಕಾಲುಳ್ಳವನಿಗೆ ನಡಿಗೆಯೂ, ಸಾಯುವವರುಳ್ಳ ಊರಿಗೆ ಶವಸಂಸ್ಕಾರವೂ ಮೊದಲೇ ಪ್ರಾಪ್ತವಾಗಿರುವುದರಿಂದ ಇದು ಅಪೂರ್ವವಿಧಿಯಾಗಲಾರದು. ಆದುದರಿಂದ ಐದು ಪಂಚನಖಗಳನ್ನು ತಿನ್ನಬಹುದೆಂದ ಸ್ಮೃತಿವಾಕ್ಯದ ತಾತ್ಪರ್ಯವು ಉಳಿದವನ್ನು ತಿನ್ನಬಾರದೆಂಬುದರಲ್ಲಿ ಹೇಗೋ, ಹಾಗೆಯೇ ಈ ಅನುಜ್ಞೆಯ ತಾತ್ಪರ್ಯವೂ ಹೊಸಬರಿಗೆ ದೀಕ್ಷೆ ಕೊಡಕೂಡದೆಂಬುದರಲ್ಲಿದೆ. ಇದು ಶುದ್ಧವಾದ ಪರಿಸಂಖ್ಯಾವಿಧಿ. ಜೈಮಿನಿಯ ಹೆಸರನ್ನೇ ಕೇಳದ ಬಾಸ್ಟನ್ನಿನ ವರ್ತಕನೊಬ್ಬನು, ಕೊಟ್ಟಂತೆಯೂ ಕಾಣಬೇಕು, ಕೊಡದಂತೆಯೂ ಆಗಬೇಕು ಎಂಬ ಸ್ವಂತ ಬುದ್ಧಿಯಿಂದಲೇ ಇದನ್ನು ಕಂಡುಹಿಡಿದುದು ಮೀಮಾಂಸಾಶಾಸ್ತ್ರದ ಸಾರ್ವತ್ರಿಕತೆಗೆ ಸಾಕ್ಷಿ.

ಆದರೆ ಅನುಜ್ಞೆಯನ್ನು ಕೊಟ್ಟವನಿಗೆ ಆ ಎರಡು ಅಧಿಕಾರಗಳು ತಾನೇ ಇದ್ದುವೆ? ಇಲ್ಲಿ ಸ್ವಲ್ಪ ನಿಧಾನಿಸಬೇಕು. ಊರಿನಲ್ಲಿ ರೋವಿನ ಎದುರುಪಕ್ಷದ ಮೇಸನ್ನರ ಮಹಾಧಿಪತಿಯಾಗಿದ್ದ ವೈದ್ಯ ಜೋಸೆಫ್ ವಾರೆನ್ನನು 1775ರ ಜೂನ್ 17ರಂದು ಬಂಕರ್ ಹಿಲ್ ಯುದ್ಧದಲ್ಲಿ ಸತ್ತನು. ಗುಡ್ಡವನ್ನೇರಿ ಬಂದ ದಳಗಳಲ್ಲಿ ನಮ್ಮ 38ನೆಯದೂ ಒಂದು. ಹಾಲನ ದೀಕ್ಷಾಗುರುಗಳ ದಂಡು ಹಾಲನ ಊರಿನ ಮಹಾಧಿಪತಿಯ ಮೇಲೆ ಏರಿಹೋದಂತಾಯಿತು. ಗೆದ್ದವರು ವಾರೆನ್ನನನ್ನು ಗುಂಡಿಯೊಂದರಲ್ಲಿ ಮುಚ್ಚಿದರು, ಕ್ರಮವೂ ಇಲ್ಲ, ಪ್ರಕಾರವೂ ಇಲ್ಲ. ದಂಡು ತೆರಳಿದ ಮೇಲೆ ಬಂಧುಗಳು ಅಗೆದಾಗ ಮುಖವು ಗುರುತಿಗೆ ಸಿಕ್ಕಲಿಲ್ಲ. ಬೆಳ್ಳಿಕೆಲಸದ ಪಾಲ್ ರಿವಿಯರನು, ಅವನೂ ಮೇಸನ್ನೇ, ಹಿಂದೆ ತಾನು ತಂತಿಯಿಂದ ಕಟ್ಟಿಕೊಟ್ಟಿದ್ದ ಕೃತಕ ಹಲ್ಲನ್ನು ನೋಡಿ ಇವನೇ ಮಹಾಧಿಪತಿಯೆಂದು ನಿಶ್ಚಯಿಸಿದನು. 1776ರ ಏಪ್ರಿಲ್ 8ರಂದು ಎರಡನೆಯ ಶವಯಾತ್ರೆ. ಜಾನ್ ರೋ ತನ್ನ ಲಾಡ್ಜುಗಳವರೊಡನೆ ಪದಕಗಳನ್ನು ಧರಿಸಿ ನಡೆಯಲೆಂದು ಬಂದನು. ಬಂಡಾಯಕ್ಕೆ ಮುಂಚೆ ಊರನ್ನು ಕೆರಳಿಸಿದ ಚಹಾವನ್ನು ತಂದ ಹಡಗುಗಳಲ್ಲೊಂದರ ಪಾಲುಗಾರ, ದೊರೆಯ ಪಕ್ಷದವನಿದ್ದರೂ ಇದ್ದಾನು ಎಂಬ ಗುಮಾನಿ ಅವನ ಮೇಲಿತ್ತು. ಜನರು ಬಾಯಿಗೆ ಬಂದಂತೆ ಬೈದರು. ಸಹೋದರನೊಬ್ಬನು ಹೊರಟುಹೋಗುವುದೇ ಲೇಸೆಂದು ಕಿವಿಯಲ್ಲಿ ಹೇಳಿದನು. ರೋ ಮನೆಗೆ ಹೋಗಿ ದಿನಚರಿಯಲ್ಲಿ ತನ್ನ ಅವಮಾನವನ್ನು ಬರೆದಿಟ್ಟನು. ಪರರಿಗೆ ನಡೆಯುವ ಅಧಿಕಾರವನ್ನು ದಯಪಾಲಿಸತಕ್ಕ ಮಹಾಧಿಪತಿಗೆ ನಡೆಯುವುದಕ್ಕಾಗಲಿಲ್ಲ; ಇನ್ನೊಬ್ಬ ಮಹಾಧಿಪತಿಗೆ ಒಂದೇ ಸಲಕ್ಕೆ ಕ್ರಮಪ್ರಕಾರ ಹೂಳಿಸಿಕೊಳ್ಳುವುದಕ್ಕಾಗಲಿಲ್ಲ. ಆ ಊರಿನಲ್ಲಿ ಇವೆರಡಕ್ಕೂ ಕಾಗದಪತ್ರವಿದ್ದ ಸಂಸ್ಥೆಯೆಂದರೆ, ನಾವು ತಿಳಿದಮಟ್ಟಿಗೆ, ಆಫ್ರಿಕನ್ ಲಾಡ್ಜೊಂದೇ.

ಈಗ ಅಧಿಕಾರಿನಿರೂಪಣೆ. 1723ರ ಮೇಸನ್ ಸಂವಿಧಾನದ ಪ್ರಕಾರ ಅಭ್ಯರ್ಥಿಯು ಸ್ವತಂತ್ರನಾಗಿ ಹುಟ್ಟಿರಬೇಕು, ದಾಸನಾಗಿರಕೂಡದು, ಸ್ತ್ರೀಯಾಗಿರಕೂಡದು. ವಿಲಿಯಂ ಹಾಲ್ ಎಂಬ ಬಾಸ್ಟನ್ನಿನ ಚರ್ಮೋದ್ಯಮಿಯು 1770ರಲ್ಲಿ ಪ್ರಿನ್ಸ್ ಎಂಬ ದಾಸನಿಗೆ ವಿಮೋಚನಪತ್ರವನ್ನು ಬರೆದುಕೊಟ್ಟನು. ಅವನೇ ಇವನೆಂದು ಕೆಲವರು, ಆ ಕಾಲದಲ್ಲಿ ಊರಿನಲ್ಲಿ ಪ್ರಿನ್ಸ್ ಹಾಲರು ಒಬ್ಬರಿಗಿಂತ ಹೆಚ್ಚು ಮಂದಿಯಿದ್ದರೆಂದು ಇನ್ನು ಕೆಲವರು. ಅವನೇ ಇವನಾದರೆ ಹುಟ್ಟಿನ ಪ್ರಶ್ನೆ ಏಳುತ್ತದೆ: ಮನುಷ್ಯನು ಮಧ್ಯಾಹ್ನ ಸ್ವತಂತ್ರನಾದರೆ ಬೆಳಿಗ್ಗೆಯ ಹುಟ್ಟಿಗೆ ಅದು ಅನ್ವಯಿಸುವುದೇ? ಲಂಡನ್ನಿನವರು ಈ ಗಂಭೀರ ಪ್ರಶ್ನೆಯನ್ನು ಅವಸರಪಡದೆ ಯೋಚಿಸಿ 1847ರಲ್ಲಿ ಹುಟ್ಟನ್ನು ಕೈಬಿಟ್ಟು ಸ್ವತಂತ್ರನಾಗಿದ್ದರೆ ಸಾಕೆಂದು ತಿದ್ದಿದರು. ಹಾಲನು ಆ ವೇಳೆಗೆ ಸತ್ತು 40 ವರ್ಷಗಳಾಗಿದ್ದುವು. ಹೊಳೆಯಾಚೆಯ ಸಹೋದರ ವಾಷಿಂಗ್ಟನ್ನನು ಇಷ್ಟು ನಿಧಾನಿಯಲ್ಲ: ಕಪ್ಪು ಜನರನ್ನು ಸೈನ್ಯಕ್ಕೆ ಸೇರಿಸಕೂಡದೆಂದು 1775ರ ನವೆಂಬರಿನಲ್ಲಿ ಆಜ್ಞಾಪಿಸಿ, ಡಿಸೆಂಬರಿನಲ್ಲಿ ಸ್ವತಂತ್ರರಾದವರನ್ನು ಸೇರಿಸಬಹುದೆಂದು ಮರು ಆಜ್ಞೆ ಹೊರಡಿಸಿದನು. ಸಮಾನತೆಯ ತತ್ತ್ವವನ್ನು ಆಳು ಸಾಲದೆ ಬಂದಾಗ ಎಷ್ಟು ಬೇಗನೆ ಗ್ರಹಿಸಬಹುದೆಂಬುದಕ್ಕೆ ಇದು ದೃಷ್ಟಾಂತ.

ಹಾಲನು ಈ ಸೂಕ್ಷ್ಮಗಳಲ್ಲಿ ಕಾಲ ಕಳೆಯಲಿಲ್ಲ. 1777ರ ಜನವರಿಯಲ್ಲಿ ಅವನೂ ಇನ್ನು ಏಳು ಮಂದಿಯೂ ಮಸಾಚುಸೆಟ್ಸಿನ ಶಾಸನಸಭೆಗೆ ಅರ್ಜಿ ಹಾಕಿ, ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿರುವ ರಾಜ್ಯವು ತನ್ನಲ್ಲಿರುವ ದಾಸರನ್ನು ಬಿಡುಗಡೆ ಮಾಡಬಾರದೇ ಎಂದು ವಿನಯದಿಂದ ಕೇಳಿದರು. ಸಭೆಯು ಅರ್ಜಿಯನ್ನು ವಿನಯದಿಂದಲೇ ಬದಿಗಿಟ್ಟಿತು. ಅದೇ ವರ್ಷದ ಏಪ್ರಿಲಿನಲ್ಲಿ ಹಾಲನು ಅದೇ ರಾಜ್ಯದ ಫಿರಂಗಿದಳಕ್ಕೆ ಐದು ನಗಾರಿಗಳ ಮುಚ್ಚಿಗೆಯನ್ನು ಮಾಡಿಕೊಟ್ಟು ಬಿಲ್ಲು ಬರೆದನು. ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ, ಕೂದಲು ಹೆರೆದು, ಒಳಮೈಯ ಮಾಂಸವನ್ನು ಬಾಗುಗತ್ತಿಯಿಂದ ಜೀವಿ, ಚೌಕಟ್ಟಿಗೆ ಬಿಗಿದು ಒಣಗಿಸಿದರೆ ನಗಾರಿಯಾಗುತ್ತದೆ. ಅದನ್ನೇ ಹದಮಾಡಿ ಮೆದುಗೊಳಿಸಿದರೆ ಸಹೋದರನ ಸೊಂಟದ ಏಪ್ರನ್ನಾಗುತ್ತದೆ. ಯುದ್ಧಕ್ಕೂ ಭ್ರಾತೃತ್ವಕ್ಕೂ ಉಪಾದಾನಕಾರಣವು ಒಂದೇ ಎಂಬುದನ್ನು ನಮ್ಮ ವೇದಾಂತಿಗಳು ಗಮನಿಸಲಿ.

1782ರ ಡಿಸೆಂಬರಿನಲ್ಲಿ ಲಾಡ್ಜಿನವರು ಸಂತ ಜಾನನ ದಿನದಂದು ಮೆರವಣಿಗೆ ಹೊರಟುದನ್ನು ಬಾಸ್ಟನ್ನಿನ ಪತ್ರಿಕೆಯೊಂದು ಸೇಂಟ್ ಬ್ಲ್ಯಾಕ್ಸ್ ಲಾಡ್ಜೆಂದು ಹೆಸರಿಟ್ಟು ಹಾಸ್ಯಮಾಡಿತು. ನಮ್ಮ ಬಿರುದು ಅದಲ್ಲ, ಉನ್ನತ ಬಿರುದುಗಳ ಆಸೆಯೂ ನಮಗಿಲ್ಲ, ದೇವರಲ್ಲಿಯೂ ಸಕಲ ಮಾನವರಲ್ಲಿಯೂ ಪ್ರೀತಿ ಹುಟ್ಟಿದರೆ ಸಾಕೆಂದು ಹಾಲನು ಮುದ್ರಕನಿಗೆ ಬರೆದನು. ಅಣಕಕ್ಕೆ ಇಷ್ಟು ನೇರವಾದ ಉತ್ತರ ಬಂದರೆ ಅಣಕಿಸುವವರ ಗತಿಯೇನು? ಆ ಕಸುಬಿನವರಾದ ನಾವು ಈ ಪ್ರಸಂಗವನ್ನು ಬೇಗನೆ ದಾಟುತ್ತೇವೆ.

ಯುದ್ಧ ಮುಗಿಯಿತು. ಸನ್ನದಿಗೆ ಫ್ರಾನ್ಸಿಗೆ ಬರೆಯಿರೆಂದು ಒತ್ತಾಯಿಸಿದವರಿದ್ದರೂ ಹಾಲನು ಒಪ್ಪದೆ, ನಿನ್ನೆಯವರೆಗೆ ಶತ್ರುವಾಗಿದ್ದ ಲಂಡನ್ನಿಗೇ 1784ರ ಮಾರ್ಚಿನಲ್ಲಿ ಕಾಗದ ಬರೆದನು. ಸೆಪ್ಟೆಂಬರ್ 29ರಂದು 459ನೆಯ ಸಂಖ್ಯೆಯ ಸನ್ನದು ಸಿದ್ಧವಾಯಿತು. ಬಾಸ್ಟನ್ನಿಗೆ ಬಂದು ಮುಟ್ಟಿದುದು 1787ರ ಏಪ್ರಿಲ್ 29ರಂದು. ಮಧ್ಯೆ ಎರಡೂವರೆ ವರ್ಷ ಶುಲ್ಕದ ತಕರಾರು. ಕೊನೆಗೆ ತಂದುಕೊಟ್ಟವನು ಕಪ್ತಾನ ಜೇಮ್ಸ್ ಸ್ಕಾಟ್, ರಾಜ್ಯಪಾಲ ಜಾನ್ ಹ್ಯಾನ್‌ಕಾಕನ ಹಡಗುಗಳನ್ನು ನಡೆಸುತ್ತಿದ್ದವನು, ಹ್ಯಾನ್‌ಕಾಕನು ಸತ್ತ ಮೇಲೆ 1796ರಲ್ಲಿ ಅವನ ವಿಧವೆಯನ್ನು ಮದುವೆಯಾದವನು. ಈ ಕೊನೆಯ ಅಂಶವು ಸರ್ವಥಾ ಅಪ್ರಸ್ತುತ. ಆದರೆ ಅಪ್ರಸ್ತುತವನ್ನು ಬಿಟ್ಟರೆ ಪಾಂಡಿತ್ಯದಲ್ಲಿ ಉಳಿಯುವುದೇನು? ಇದೇ ಲಂಡನ್ನಿನವರು ಕೆಲವೇ ವರ್ಷಗಳ ಹಿಂದೆ, ನಮ್ಮ ಹೈದರಾಲಿಯ ಬದ್ಧವೈರಿಯಾದ ಆರ್ಕಾಟಿನ ನವಾಬ ಮಹಮ್ಮದಾಲಿಯ ಮಗ ಉಮ್ದತ್-ಉಲ್-ಉಮರಾ ತಿರುಚಿರಾಪಳ್ಳಿಯಲ್ಲಿ ದೀಕ್ಷೆ ಪಡೆದನೆಂಬ ಸುದ್ದಿ ಮುಟ್ಟಿದಾಗ, ಅಲಂಕೃತವಾದ ಏಪ್ರನ್ನನ್ನೂ ಸಂವಿಧಾನಗ್ರಂಥವನ್ನೂ ಬಂಗಾಳದ ಅಡ್ವೊಕೇಟ್ ಜನರಲನ ಕೈಯಲ್ಲಿಯೇ ಕಳುಹಿಸಿಕೊಟ್ಟಿದ್ದರು. ಶುಲ್ಕ ಕೇಳಿದಂತೆ ಕಾಣುವುದಿಲ್ಲ.

ಉತ್ತರಕಥೆ ಸಂಕ್ಷಿಪ್ತ. ಪ್ರಾಚೀನರೂ ನವೀನರೂ 1813ರಲ್ಲಿ ರಾಜಿಯಾಗಿ ಪಟ್ಟಿಗಳನ್ನು ಕೂಡಿಸಿದಾಗ ಆಫ್ರಿಕನ್ ಲಾಡ್ಜಿನ ಹೆಸರು ಬಿಟ್ಟುಹೋಯಿತು. 1827ರಲ್ಲಿ ಅದು ತಾನು ಯಾರ ಅಧೀನವೂ ಅಲ್ಲವೆಂದು ಘೋಷಿಸಿಕೊಂಡಿತು. ಅಮೆರಿಕದ ಬಿಳಿಯ ಸಹೋದರರು ಅದರ ಸಂತತಿಯು ಊರ್ಜಿತವಲ್ಲವೆಂದು ಗ್ರಂಥಗಳನ್ನೇ ಬರೆದರು. ಸನ್ನದು 1869ರ ಬೆಂಕಿಯೊಂದನ್ನು ದಾಟಿ ಬದುಕಿತು. 1994ರಲ್ಲಿ ಲಂಡನ್ನಿನವರು ಆ ಸಂತತಿಯದೇ ಆದ ಮಸಾಚುಸೆಟ್ಸಿನ ಪ್ರಿನ್ಸ್ ಹಾಲ್ ಮಹಾಲಾಡ್ಜನ್ನು ಮಾನ್ಯಮಾಡಿದರು. ಸನ್ನದಿನ ಕೆಳಗೆ ರುಜು ಹಾಕಿದವರು ತಮ್ಮವರೇ ಎಂದು ಗುರುತಿಸಲು 210 ವರ್ಷ ಹಿಡಿದುದು, ವಾರೆನ್ನನ ಹಲ್ಲನ್ನು ರಿವಿಯರನು ಗುರುತಿಸಿದ ವೇಗದೊಡನೆ ಹೋಲಿಸಿದರೆ, ಸ್ವಲ್ಪ ನಿಧಾನವೆಂದೇ ಹೇಳಬೇಕು.

ಅಥ ಫಲಶ್ರುತಿಃ. ಈ ಪ್ರಬಂಧವನ್ನು ಆದ್ಯಂತವಾಗಿ ಓದಿದವನಿಗೆ ಪ್ರತಿವರ್ಷ ಜೂನ್ 24ರಂದೂ ಡಿಸೆಂಬರ್ 27ರಂದೂ ಬೀದಿಯ ನಡುವೆ ನಡೆಯುವ ಅಧಿಕಾರವು ಸಿದ್ಧಿಸುವುದು. ಅರ್ಧ ಓದಿ ಬಿಟ್ಟವನು ಬೀದಿಯ ಅಂಚಿನಲ್ಲಿ ನಡೆಯಬಹುದು. ಕ್ರಮಪ್ರಕಾರ ಹೂಳಿಸಿಕೊಳ್ಳಬೇಕೆಂಬ ಅಪೇಕ್ಷೆಯುಳ್ಳವರು ಪ್ರತ್ಯೇಕವಾದ ಅರ್ಜಿಯನ್ನು ಶುಲ್ಕಸಹಿತವಾಗಿ, ನಂಬತಕ್ಕ ಕಪ್ತಾನನೊಬ್ಬನ ಕೈಯಲ್ಲಿ, ಬದುಕಿರುವಾಗಲೇ ಲಂಡನ್ನಿಗೆ ಕಳುಹಿಸತಕ್ಕದ್ದು.