ಮಿಷಿನ್ ಅತ್ತೆ

ನಡುಮನೆಯ ಕಿಟಕಿಯ ಪಕ್ಕದಲ್ಲಿ ಹೊಲಿಗೆಯ ಯಂತ್ರವನ್ನು ಪ್ರತಿಷ್ಠಾಪಿಸಿಕೊಂಡು, ಹಳೆಯ ದಿನಪತ್ರಿಕೆಯಲ್ಲಿ ಕತ್ತರಿಸಿದ ಪೇಪರ್ ಕಟಿಂಗುಗಳ ಕಟ್ಟೊಂದನ್ನು ಒಡವೆಗಳಿರಬೇಕಾದ ಬೀರುವಿನ ಒಳಖಾನೆಯಲ್ಲಿ ಭದ್ರಪಡಿಸಿ, ನೆರೆಹೊರೆಯ ಸ್ತ್ರೀಸಮೂಹಕ್ಕೆಲ್ಲ ರವಿಕೆ ಲಂಗಗಳ ವಿಷಯದಲ್ಲಿ ಪ್ರಮಾಣಭೂತರಾಗಿರುವ ಗೃಹಿಣಿಯೊಬ್ಬರು ಇಲ್ಲದ ಬೀದಿಯನ್ನು ನಾನಂತೂ ಕಂಡಿಲ್ಲ. ನಮ್ಮ ಬೀದಿಯಲ್ಲಿ ಆ ಪದವಿಯನ್ನು ಅಲಂಕರಿಸಿರುವವರು ಮಿಷಿನ್ ಅತ್ತೆ. ಅವರು ಮೂಲತಃ ಯಾರಿಗೆ ಅತ್ತೆಯಾಗಿದ್ದರೆಂಬುದು ಈಗ ಸಂಶೋಧಕರಿಗೆ ಬಿಟ್ಟ ವಿಷಯ. ಹಾಲಿನವನಿಂದ ಮೊದಲ್ಗೊಂಡು ಕಾರ್ಪೊರೇಟರವರೆಗೆ ಎಲ್ಲರಿಗೂ ಅವರು ಅತ್ತೆಯೇ.

ಅತ್ತೆಯವರ ವಿದ್ಯೆ ಸಾಮಾನ್ಯವಾದುದಲ್ಲ. ಎದೆಯ ಸುತ್ತಳತೆಯನ್ನು ತುಂಬಿದ ಭಾಗದಲ್ಲೊಮ್ಮೆ, ಅದಕ್ಕೂ ಮೇಲೆ ಕಂಕುಳಿಗೆ ಒತ್ತಿದಂತೆ ಮತ್ತೊಮ್ಮೆ, ಹೀಗೆ ಎರಡಾವರ್ತಿ ತೆಗೆಯಬೇಕೆಂದೂ, ಎರಡರ ನಡುವೆ 2 ಇಂಚಿಗಿಂತ ಹೆಚ್ಚಿನ ಅಂತರ ಕಂಡುಬಂದರೆ ಮೇಲಿನ ಅಳತೆಯನ್ನೇ ನಂಬಿ ಕಟಿಂಗನ್ನು ಆರಿಸಿ ಮುಂಭಾಗವನ್ನು ಮಾತ್ರ ಅಗಲಿಸಿಕೊಳ್ಳಬೇಕೆಂದೂ, ಏಕೆಂದರೆ ಪಕ್ಕದ ಹೊಲಿಗೆಯನ್ನು ಬಿಚ್ಚಿ ಸಡಿಲಿಸಬಹುದೇ ಹೊರತು ಜಾರುವ ಹೆಗಲನ್ನೂ ಬಾಯ್ದೆರೆದ ಕೊರಳನ್ನೂ ತಿದ್ದುವುದು ಬ್ರಹ್ಮನಿಂದಲೂ ಆಗದೆಂದೂ ಅವರು ಹುಡುಗಿಯರಿಗೆ ಬೋಧಿಸುವುದುಂಟು. "ಟೇಪಿನ ಒಳಗೆ ಎರಡು ಬೆರಳು ಆಡಬೇಕು, ಉಸಿರು ಬಿಗಿಹಿಡಿಯಬಾರದು" ಎಂಬುದು ಆ ಉಪದೇಶದ ಪ್ರಥಮ ಸೂತ್ರ.

ಆದರೆ ಈ ಶಾಸ್ತ್ರವನ್ನು ಕಾರ್ಯಕ್ಕೆ ಇಳಿಸುವ ಗಳಿಗೆಯಲ್ಲಿ ಅತ್ತೆಯವರು ಟೇಪನ್ನು ಕೆಳಗಿಟ್ಟು ಕಾಲಜ್ಞಾನಕ್ಕೆ ಶರಣಾಗುವರು. ಮಕ್ಕಳಿಗೆ ಅವರು ಹೊಲಿಯುವುದು ಭವಿಷ್ಯತ್ಕಾಲದಲ್ಲಿ. "ಬೆಳೆಯೋ ಮಗು ಕಣೇ" ಎಂಬ ಮಂತ್ರವನ್ನುಚ್ಚರಿಸಿ, 6 ವರ್ಷದ ಮೊಮ್ಮಗಳಿಗೆ 9 ವರ್ಷದ ಕಟಿಂಗನ್ನು ಹಾಸಿ, ಲಂಗದ ಅಂಚಿನ ಮೇಲೆ ಎರಡು ಮಡಿಕೆಗಳನ್ನು ಕೂರಿಸಿ, ಯುಗಾದಿಗೊಂದರಂತೆ ಅವನ್ನು ಬಿಚ್ಚುವ ಯೋಜನೆಯನ್ನು ಹಾಕುವರು. ಲಂಗವು ಕೊನೆಗೊಮ್ಮೆ ಮಗುವಿನ ಮೈಗೆ ಸರಿಹೊಂದುವ ಶುಭದಿನದಲ್ಲಿ ಅದರ ಬಣ್ಣ ಯಾವುದಿತ್ತೆಂಬುದು ಬಿಚ್ಚಿದ ಮಡಿಕೆಯ ಪಟ್ಟೆಗಳಲ್ಲಿ ಮಾತ್ರ ಉಳಿದಿರುತ್ತದೆ. ಯಜಮಾನರಾದ ರಾಯರ ಪೈಜಾಮಕ್ಕೆ ಕಾಲವೇ ಇಲ್ಲ. ಲಾಡಿಯಿರುವ ತನಕ ಅಳತೆಯ ಗೊಡವೆ ಏತಕ್ಕೆ? ತಮಗೆ ಹೊಲಿದುಕೊಳ್ಳುವುದಾದರೋ ಶುದ್ಧ ಭೂತಕಾಲದಲ್ಲಿ. ವರ್ತಮಾನಕಾಲದಲ್ಲಿ ಆ ಮನೆಯಲ್ಲಿ ಹೊಲಿಯಲ್ಪಟ್ಟ ವಸ್ತು ದಿಂಬಿನ ಗವಸೊಂದೇ.

ಅತ್ತೆಯವರ ಸ್ವಂತದ ಕಟಿಂಗು 34ರದು. ಮದುವೆಯಾದ ಹೊಸದರಲ್ಲಿ ನೀಲಿ ಪೆನ್ಸಿಲಿನಿಂದ ಗುರುತು ಹಾಕಿ ಕತ್ತರಿಸಿದ ಆ ಕಾಗದವು ಅಂಚುಗಳಲ್ಲಿ ಹಳದಿಯಾಗಿದ್ದರೂ ಪಟ್ಟದಿಂದ ಇಳಿದಿಲ್ಲ. ಇದಕ್ಕೆ ಅವರು ಕೊಡುವ ಸಮರ್ಥನೆಯೂ ತರ್ಕಬದ್ಧವಾದುದೇ: ಗೌರೀಹಬ್ಬದ ಬಾಗಿನದಲ್ಲಿ ಬರುವ ರವಿಕೆ ಕಣ 80 ಸೆಂಟಿಮೀಟರು, ಅದರಲ್ಲಿ ತೋಳಿನ ಸಮೇತ 34 ಸುಖವಾಗಿ ಹಿಡಿಸುತ್ತದೆ, 38 ಹಿಡಿಸಬೇಕಾದರೆ ಕಂಕುಳಿಗೆ ತುಂಡು ಕೂಡಿಸಬೇಕು, ದೇವರು ಕೊಟ್ಟಷ್ಟರಲ್ಲಿ ಹೊಂದಿಕೊಳ್ಳುವುದು ಸಂಸಾರಸ್ಥರ ಧರ್ಮವಲ್ಲವೆ? ಹೇಗಿದ್ದರೂ ಪಕ್ಕದಲ್ಲಿ ಒಳಗೆ ಬಟ್ಟೆ ಬಿಟ್ಟು ಮೂರು ಸಾಲು ಹೊಲಿಗೆ ಹಾಕಿರುವುದರಿಂದ, ಒಂದೊಂದಾಗಿ ಬಿಚ್ಚುತ್ತ ಹೋದರಾಯಿತು. ಹಾಗೆ ಬಿಚ್ಚಿದ ಸಾಲುಗಳ ಸೂಜಿರಂಧ್ರಗಳು ಮರದ ಕಾಂಡದ ಉಂಗುರಗಳಂತೆ ಉಳಿದುಕೊಂಡು, ಬಲ್ಲವರಿಗೆ ರವಿಕೆಯ ವಯಸ್ಸನ್ನು ತಿಳಿಸುತ್ತವೆ.

ಅಪರೂಪಕ್ಕೊಮ್ಮೆ ನಿಜವಾದ ಅಳತೆಯ ಅವಶ್ಯಕತೆ ಒದಗಿದಾಗ, ತನ್ನ ಮೈಯನ್ನು ತಾನೇ ಅಳೆದುಕೊಂಡರೆ ಟೇಪು ಬೆನ್ನಿನಲ್ಲಿ ಜಾರುವುದೆಂಬ ಕಾರಣದಿಂದ, ರಾಯರನ್ನು ಕರೆಯಲಾಗುತ್ತದೆ. ಮಾಲೀಕರ ಸಮಕ್ಷಮದಲ್ಲಿ ಲೆಕ್ಕ ಒಪ್ಪಿಸುವ ಗುಮಾಸ್ತರ ಸಂಕಟವೆಲ್ಲ ಆಗ ಆ ಸತ್ಪುರುಷರ ಮುಖದಲ್ಲಿ ಮೂಡುವುದು.

"ಎಷ್ಟು ಬಂತೂಂದ್ರೆ?"

"ಕನ್ನಡಕ ಪಡಸಾಲೇಲಿದೆ. ನೀನೇ ನೋಡಿಕೋ."

ಒಮ್ಮೆ ಮಾತ್ರ ರಾಯರು ಕನ್ನಡಕವನ್ನು ಧರಿಸಿಕೊಂಡೇ ಸಿಕ್ಕಿಬಿದ್ದು, ಟೇಪಿನ ಹಿಂಬದಿಯನ್ನು ಓದಿ, ಸತ್ಯನಿಷ್ಠೆಯಿಂದ "ತೊಂಬತ್ತಾರೂವರೆ" ಎಂದುಬಿಟ್ಟರು. 1956ರ ಕಾಯಿದೆಯ ತರುವಾಯ ದೇಶವೆಲ್ಲ ದಶಮಾನಕ್ಕೆ ಹೊರಳಿ, ಜವಳಿಯಂಗಡಿಯೂ ಗಜವನ್ನು ಬಿಟ್ಟು ಮೀಟರಿಗೆ ಬಂದರೂ ಹೊಲಿಗೆಯವರು ಇಂಚನ್ನೇ ಅಪ್ಪಿಕೊಂಡಿರುವುದಕ್ಕೆ ಪಂಡಿತರು ಏನೇ ಕಾರಣ ಹೇಳಲಿ, ಅಂದು ಆ ಮನೆಯಲ್ಲಿ ರಾತ್ರಿ ಸಾರಿಗೆ ಒಗ್ಗರಣೆ ಬೀಳದಿದ್ದುದನ್ನು ಬಲ್ಲ ನನಗೆ ಬೇರೆ ಕಾರಣ ಬೇಕಾಗಿಲ್ಲ. 38 ಎಂಬುದೇ ಇನ್ನೂ ವಿಚಾರಣೆಯಲ್ಲಿರುವ ಆಪಾದನೆ. ತೊಂಬತ್ತಾರೂವರೆಯಂತೂ ನೇರವಾಗಿ ಶಿಕ್ಷೆ.

ಹೀಗಿರುವಲ್ಲಿ ಅತ್ತೆಯವರು ಮಗಳ ಬಾಣಂತನಕ್ಕಾಗಿ ನ್ಯೂಜೆರ್ಸಿಗೆ ಹೊರಡುವ ಸಂದರ್ಭವೊದಗಿ, ಅಲ್ಲಿ ಉಡಲು ಉದ್ದನೆಯ ಗೌನನ್ನು ಹೊಲಿದುಕೊಳ್ಳಲೆಂದು ಮಗಳು ಒಂದು ಕಟಿಂಗಿನ ಪೊಟ್ಟಣವನ್ನು ಕಳಿಸಿದಳು. ಆ ದೇಶದಲ್ಲಿ ಎಬೆನೀಜರ್ ಬಟರಿಕ್ ಎಂಬ ಮ್ಯಾಸಚೂಸೆಟ್ಸಿನ ದರ್ಜಿಯು 1863ರಲ್ಲಿ ಬೇರೆ ಬೇರೆ ಅಳತೆಯ ಕಾಗದದ ಕಟಿಂಗುಗಳನ್ನು ಮಾರಲಾರಂಭಿಸಿದನೆಂದೂ, ಅದಕ್ಕೆ ಮುಂಚೆ ಇದ್ದದ್ದು ಒಂದೇ ಅಳತೆಯ ನಮೂನೆ, ಅದನ್ನು ಮೈಗೆ ತಕ್ಕಂತೆ ಹಿಗ್ಗಿಸಿಕೊಳ್ಳುವ ಪಾಡು ಗೃಹಿಣಿಯದೇ ಆಗಿತ್ತೆಂದೂ ಚರಿತ್ರೆ ಹೇಳುತ್ತದೆ. ಪುಣ್ಯಾತ್ಮನ ಈ ಉಪಕಾರವು ಅತ್ತೆಯವರ ವಿಷಯದಲ್ಲಿ ಹೇಗೆ ಪರಿಣಮಿಸಿತೆಂದರೆ: ಹಿಂದೊಮ್ಮೆ ಮಗಳು ತಂದುಕೊಟ್ಟಿದ್ದ, ಮೈಗೆ ಒಪ್ಪವಾಗಿದ್ದ ಸಿದ್ಧ ಉಡುಪಿನ ಚೀಟಿಯಲ್ಲಿದ್ದ ಸಂಖ್ಯೆ 12, ಪೊಟ್ಟಣದ ಹಿಂಬದಿಯ ಪಟ್ಟಿಯಲ್ಲಿ 12ರ ಎದುರಿಗಿದ್ದ ಎದೆಯ ಅಳತೆ, ಸಾಕ್ಷಾತ್ 34! ಅಲ್ಲಿಯ ಸಿದ್ಧ ಉಡುಪಿನ ವರ್ತಕರು ಗಿರಾಕಿಗಳ ಮನಸ್ಸಂತೋಷಕ್ಕಾಗಿ ಕಾಲಕಾಲಕ್ಕೆ ಸಂಖ್ಯೆಯನ್ನು ಇಳಿಸುತ್ತ ಬಂದರೂ ಕಟಿಂಗಿನವರು ಹಳೆಯ ಪಟ್ಟಿಯನ್ನೇ ಹಿಡಿದುಕೊಂಡಿರುವರೆಂಬ, 38ಕ್ಕೆ ಆ ಪಟ್ಟಿಯಲ್ಲಿ 16 ಎಂದಿರುವುದೆಂಬ ಅಪ್ರಿಯ ಸಂಗತಿ ಅವರ ದೃಷ್ಟಿಗೆ ಬೀಳಲಿಲ್ಲ. ಅಮೆರಿಕವೇ ತಮ್ಮ ಪಕ್ಷಕ್ಕೆ ಸಾಕ್ಷಿ ನುಡಿದ ಮೇಲೆ ಇನ್ನೇನು ಬೇಕು? ಹಾಳೆಯ ಮೇಲೆ ಹೊಲಿದು ಮುಗಿದ ಗೌನಿನ ಸುತ್ತಳತೆ 38 ಎಂದು ಬೇರೆ ಅಚ್ಚಾಗಿತ್ತು. ಉಸಿರಾಡಲು, ಕೈ ಎತ್ತಲು, ಕೂರಲು ಎಂದು ಬಿಟ್ಟಿದ್ದ ಆ 4 ಇಂಚಿನ ಸಡಿಲವನ್ನು ಅತ್ತೆಯವರು ತಮ್ಮ ಜಮೆಗೆ ಸೇರಿಸಿಕೊಂಡು, "ನೋಡಿ, ಯಾವ ಲೆಕ್ಕದಲ್ಲೂ ಸರಿಹೋಗತ್ತೆ" ಎಂದು ಘೋಷಿಸಿದರು. ಒಂದರೊಳಗೊಂದು ಬರೆದಿದ್ದ ಐದು ಅಳತೆಯ ಗೆರೆಗಳನ್ನು ಬೇರೆ ಕಾಗದಕ್ಕೆ ನಕಲು ಮಾಡಿಕೊಳ್ಳದೆ ನೇರವಾಗಿ 12ರ ಗೆರೆಗೇ ಕತ್ತರಿಯನ್ನು ಹಾಯಿಸಿದ್ದರಿಂದ, 14 ಮತ್ತು 16 ಚೂರುಗಳಾಗಿ ಕಸದ ಬುಟ್ಟಿಯನ್ನು ಸೇರಿದವು.

ಗೌನು ಸಿದ್ಧವಾಯಿತು. ಗುಂಡಿಗಳೂ ಬಿದ್ದವು, ಅದರೊಳಗೆ ನಿಂತಿರುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಅಟ್ಟದ ಮೇಲಿನ ಸೂಟ್‌ಕೇಸಿಗೆ ಕೈ ಎತ್ತಿದಾಗ ಬೆನ್ನಿನ ಕಡೆಯಿಂದ ಟರ್ರೆಂಬ ಶಬ್ದ ಕೇಳಿಸಿತು.

"ಬಟ್ಟೆ ಕುಗ್ಗಿಬಿಟ್ಟಿದೆ" ಎಂದರು ಅತ್ತೆ.

"ಇನ್ನೂ ನೀರಿಗೇ ಹಾಕಿಲ್ಲವಲ್ಲೇ?" ಎಂದರು ರಾಯರು, ಕನ್ನಡಕ ಹಾಕಿಕೊಂಡಿದ್ದುದನ್ನು ಮರೆತು.

"ನೀರಿಗೆ ಹಾಕೋ ಮೊದಲೇ ಕುಗ್ಗೋ ಬಟ್ಟೇನ ಆರಿಸಿ ತಂದೋರು ಯಾರು, ನೀವೇ ಅಲ್ವೆ?"