ಬದನೆಕಾಯಿಯ ಮೇಲಿನ ಆರೋಪಗಳು

ತುಂಗೆ ಭದ್ರೆಯರು ಹರಿಯುವ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸೀಮೆಯಲ್ಲಿ ವೈದ್ಯವಿದ್ಯೆಯು ಎರಡು ಶಾಖೆಗಳಾಗಿ ಬೆಳೆದುಬಂದಿದೆ. ಒಂದನ್ನು ಆಸ್ಪತ್ರೆಯಲ್ಲಿ ಪದವಿ ಪಡೆದವರು ನಡೆಸುತ್ತಾರೆ; ಇನ್ನೊಂದನ್ನು ಮನೆಯ ಜಗಲಿಯಲ್ಲಿ ಪದವಿಯ ಹಂಗಿಲ್ಲದವರು ನಡೆಸುತ್ತಾರೆ. ಮೊದಲನೆಯದನ್ನು ಹುಡುಕಿಕೊಂಡು ರೋಗಿಯು ಬಸ್ಸು ಹತ್ತಬೇಕು. ಎರಡನೆಯದಾದರೋ ರೋಗದ ಸುದ್ದಿ ತಿಳಿದೊಡನೆ ತಾನಾಗಿಯೇ ಮೆಟ್ಟಿಲು ಹತ್ತಿ ಬಂದು, ಕಾಫಿ ಕುಡಿದು, ನಿದಾನ, ಔಷಧ, ಪಥ್ಯ ಮೂರನ್ನೂ ಒಂದೇ ಸಲಕ್ಕೆ ದಯಪಾಲಿಸಿ, ಶುಲ್ಕದ ಮಾತೆತ್ತದೆ ಹೊರಟುಹೋಗುತ್ತದೆ. ಇದರ ಜನಪ್ರಿಯತೆಗೆ ಶುಲ್ಕವಿಲ್ಲದಿರುವುದೊಂದೇ ಕಾರಣವೆಂದು ತಿಳಿಯುವುದು ತಪ್ಪು. ಆಸ್ಪತ್ರೆಯ ವೈದ್ಯರು ‘ರಕ್ತ ಪರೀಕ್ಷೆ ಮಾಡಿ ನೋಡೋಣ’ ಎನ್ನುವ ಕಡೆ ಜಗಲಿಯ ವೈದ್ಯರು ‘ಇದು ಅದೇ, ಅನುಮಾನವೇ ಬೇಡ’ ಎನ್ನುತ್ತಾರೆ. ನರಳುತ್ತಿರುವವನಿಗೆ ಎರಡರಲ್ಲಿ ಯಾವ ಮಾತು ಹಿತವೆಂಬುದಕ್ಕೆ ವ್ಯಾಖ್ಯಾನ ಬೇಕಿಲ್ಲ.

ಉಷ್ಣ, ಶೀತ, ನಂಜು ಎಂಬ ಮೂರು ತತ್ತ್ವಗಳ ಮೇಲೆ ಈ ಶಾಸ್ತ್ರ ನಿಂತಿದೆ. ಮೊದಲೆರಡು ಆಯುರ್ವೇದದಿಂದ ಬಂದವೇ ಆದರೂ, ಕೊಪ್ಪದ ಆಯುರ್ವೇದ ಕಾಲೇಜಿನಲ್ಲಿ ಅವುಗಳನ್ನು ಬೋಧಿಸುವ ಬಗೆಗೂ ಜಗಲಿಯ ಮೇಲೆ ಪ್ರಯೋಗಿಸುವ ಬಗೆಗೂ ಈಗ ದೂರದ ನೆಂಟಸ್ತಿಕೆಯಷ್ಟೇ ಉಳಿದಿದೆ. ಮೂರನೆಯದಾದ ನಂಜು ಮಲೆನಾಡಿನವರ ವಿಶೇಷ ಪ್ರೀತಿಗೆ ಪಾತ್ರವಾದದ್ದು. ಗಾಯವನ್ನು ಮಾಗಗೊಡದೆ ಕೀವು ತುಂಬಿಸುವ, ಮೈಯಲ್ಲಿ ತುರಿಕೆ ಎಬ್ಬಿಸುವ, ಕಣ್ಣಿಗೆ ಕಾಣದ ಒಂದು ಗುಣಕ್ಕೆ ಈ ಹೆಸರು. ಅದು ಗಾಯದಲ್ಲಿ ಹುಟ್ಟದೆ ಊಟದ ಎಲೆಯಲ್ಲಿ ಹುಟ್ಟುತ್ತದೆ ಎಂಬುದು ಸಿದ್ಧಾಂತ. ಆರೋಪಿಗಳ ಪಟ್ಟಿಯಲ್ಲಿ ಮೊದಲ ಹೆಸರು ಯಾವಾಗಲೂ ಬದನೆಕಾಯಿಯದು. ಹಲಸಿನ ಹಣ್ಣು, ಒಣಮೀನು, ಕೋಳಿ ಮುಂತಾದವು ಮನೆಯಿಂದ ಮನೆಗೆ ಹಿಂದುಮುಂದಾಗುತ್ತವೆ. ತೋಟದಲ್ಲಿ ಸೊಪ್ಪು ಕಡಿಯುವಾಗ ಕತ್ತಿ ಕಾಲಿಗೆ ತಾಗಿ, ಆ ಗಾಯವನ್ನು ತೊಳೆಯದೆ, ಅದೇ ಕಾಲಿನಲ್ಲಿ ಎರಡು ದಿನ ಗೊಬ್ಬರದ ಗುಂಡಿಯ ಬಳಿ ಓಡಾಡಿ, ಮೂರನೆಯ ದಿನ ಅದು ಕೀವಾದರೆ, ಕತ್ತಿ ನಿರ್ದೋಷಿ, ಗೊಬ್ಬರ ನಿರ್ದೋಷಿ. ಮೊನ್ನೆ ರಾತ್ರಿ ಬಡಿಸಿದ ಎರಡು ಹೋಳು ಬದನೆಕಾಯಿ ಶಿಕ್ಷಾರ್ಹ. ಕೀವು ಕಟ್ಟಲು ಕಾರಣವಾಗುವುದು ಸ್ಟೆಫಿಲೋಕಾಕಸ್‌ನಂತಹ ಬ್ಯಾಕ್ಟೀರಿಯಗಳೆಂದೂ, ಅವು ಚರ್ಮದ ಮೇಲೆಯೇ ವಾಸವಾಗಿದ್ದು ಬಾಗಿಲು ತೆರೆದೊಡನೆ ಒಳನುಗ್ಗುತ್ತವೆಂದೂ ಸೂಕ್ಷ್ಮಜೀವಿಶಾಸ್ತ್ರ ಹೇಳುತ್ತದೆ. ಬದನೆ ತಿಂದರೆ ನಿಜವಾಗಿಯೂ ಮೈ ಕೆರೆದುಕೊಳ್ಳುವ ಅಲರ್ಜಿಯುಳ್ಳವರು ಕೆಲವರಿದ್ದಾರೆ. ಆದರೆ ಅವರ ಸಾಕ್ಷ್ಯದ ಮೇಲೆ ಇಡೀ ತಾಲ್ಲೂಕಿಗೆ ತೀರ್ಪು ಕೊಟ್ಟದ್ದು ಅತಿಯಾಯಿತು. ಗಾಯ ಮಾಗಲು ದೇಹಕ್ಕೆ ಪ್ರೋಟೀನು ಬೇಕಾಗುವ ಹೊತ್ತಿನಲ್ಲೇ ಮೀನು, ಕೋಳಿಗಳನ್ನು ನಿಷೇಧಿಸಿ, ರೋಗಿಯನ್ನು ಗಂಜಿ ಮತ್ತು ಉಪ್ಪಿನಕಾಯಿಯ ವಶಕ್ಕೆ ಒಪ್ಪಿಸುವುದು ಈ ತೀರ್ಪಿನ ಇನ್ನೊಂದು ಮುಖ.

ರಕ್ತ ನಿಲ್ಲಿಸಲು ಗಾಯಕ್ಕೆ ಕಾಫಿಪುಡಿ ಮೆತ್ತುವ ಪದ್ಧತಿ ಕಾಫಿಯ ಸೀಮೆಗೆ ಸಹಜವಾದದ್ದೇ. ಬಾಳೆಹೊನ್ನೂರಿನ ಸಮೀಪ 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರವು ಎಲೆತುಕ್ಕು ರೋಗದಿಂದ ಹಿಡಿದು ಕಾಂಡಕೊರಕದವರೆಗೆ ಕಾಫಿಗೆ ಬರುವ ಕಾಯಿಲೆಗಳನ್ನು ಅಧ್ಯಯನ ಮಾಡಿದೆ. ಕಾಫಿಯಿಂದ ಗಾಯಕ್ಕೆ ಬರುವ ಕಾಯಿಲೆ ಅದರ ವ್ಯಾಪ್ತಿಗೆ ಬರುವುದಿಲ್ಲ. ಮೆತ್ತಿದ ಪುಡಿಯನ್ನು ಹೆರೆದು ತೆಗೆಯುವ ಕೆಲಸ ಆಸ್ಪತ್ರೆಯ ನರ್ಸಿನ ಪಾಲಿಗೆ ಬೀಳುತ್ತದೆ.

ಮಳೆಗಾಲದಲ್ಲಿ ಕಾಲಿಗೆ ಹತ್ತುವ ಉಂಬಳದ ವಿಷಯದಲ್ಲಿ ಜಗಲಿಯ ನಿಲುವು ಉದಾರವಾದದ್ದು. ಉಂಬಳವು ಕೆಟ್ಟ ರಕ್ತವನ್ನು ಮಾತ್ರ ಹೀರುತ್ತದೆ, ಆದ್ದರಿಂದ ಕಚ್ಚಿಸಿಕೊಂಡವನಿಗೆ ಲಾಭವೇ ಎಂಬ ಈ ನಂಬಿಕೆಗೆ ಶಾಸ್ತ್ರದ ಬೆಂಬಲವಿಲ್ಲದಿಲ್ಲ. ಅಷ್ಟಾಂಗಹೃದಯವನ್ನು ಬರೆದ ವಾಗ್ಭಟನು, ನೀರು ಬೆರೆತ ಹಾಲಿನಿಂದ ಹಾಲನ್ನು ಹೀರುವ ಹಂಸಕ್ಕೆ ಜಿಗಣೆಯನ್ನು ಹೋಲಿಸಿ, ಅದು ದುಷ್ಟರಕ್ತವನ್ನೇ ಮೊದಲು ಎಳೆಯುತ್ತದೆಂದಿದ್ದಾನೆ. ಆದರೆ ಅವನು ಹೇಳಿದ್ದು ವೈದ್ಯನು ಆರಿಸಿ, ಶುದ್ಧಿಮಾಡಿ, ರೋಗವಿರುವ ಜಾಗಕ್ಕೆ ಹಚ್ಚುವ ನೀರಿನ ಜಿಗಣೆಯ ವಿಚಾರ. ತರಗೆಲೆಯ ಮೇಲೆ ತಲೆಯೆತ್ತಿ ನಿಂತು, ಹಾದುಹೋಗುವ ದನ, ನಾಯಿ, ಮೇಷ್ಟ್ರು ಎಂಬ ಭೇದವಿಲ್ಲದೆ ಹತ್ತುವ ಉಂಬಳಕ್ಕೆ ಹಂಸದ ಬಿರುದನ್ನು ವರ್ಗಾಯಿಸಿದ್ದು ಜಗಲಿ. ವಿಶ್ರಾಂತಿಯಲ್ಲಿರುವ ಮನುಷ್ಯನ ರಕ್ತವು ಸುಮಾರು ಒಂದು ನಿಮಿಷದಲ್ಲಿ ಮೈಯೆಲ್ಲ ಸುತ್ತಿ ಹೃದಯಕ್ಕೆ ಮರಳುವುದರಿಂದ, ಕೆಟ್ಟದ್ದು ಮಾತ್ರ ಹಿಮ್ಮಡಿಯ ಹತ್ತಿರ ಬಂದು ಉಂಬಳಕ್ಕಾಗಿ ಕಾದು ಕೂರಲು ಅವಕಾಶವಿಲ್ಲ. ಅದು ಬಿಟ್ಟ ಮೇಲೂ ರಕ್ತ ಒಸರುತ್ತಿರುವುದಕ್ಕೆ ಕಾರಣ ಅದರ ಜೊಲ್ಲಿನಲ್ಲಿರುವ, ರಕ್ತವನ್ನು ಹೆಪ್ಪುಗಟ್ಟಗೊಡದ ವಸ್ತು. ಮಳೆಯಲ್ಲಿ ನೆನೆದರೆ ನೆಗಡಿ ಖಂಡಿತ ಎಂಬ ಮಾತನ್ನು ಇಲ್ಲಿ ಚರ್ಚಿಸುವ ಅಗತ್ಯವಿಲ್ಲ; ಅದು ನಿಜವಾಗಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಿಗ್ಗದಿಂದ ಜಯಪುರದವರೆಗೆ ಸೀನದ ಒಂದು ಮೂಗೂ ಸಿಗಬಾರದಿತ್ತು.

ಸರ್ಪಸುತ್ತಿನ ಪ್ರಕರಣ ಇನ್ನಷ್ಟು ಸ್ವಾರಸ್ಯವುಳ್ಳದ್ದು. ಸೊಂಟ ಅಥವಾ ಎದೆಯ ಸುತ್ತ ಪಟ್ಟಿಯಂತೆ ಬೊಕ್ಕೆಗಳೆದ್ದು ಉರಿಯುವ ಈ ಕಾಯಿಲೆಯಲ್ಲಿ, ಹಾವಿನ ತಲೆ ಮತ್ತು ಬಾಲ ಕೂಡಿಕೊಂಡರೆ ಮನುಷ್ಯ ಉಳಿಯುವುದಿಲ್ಲ ಎಂಬ ನಂಬಿಕೆಯಿಂದ, ಹಾವು ಮುಂದುವರಿಯದಂತೆ ಎರಡು ತುದಿಗೂ ಕೆಮ್ಮಣ್ಣಿನ ಗಡಿ ಬರೆಯುತ್ತಾರೆ. ಪ್ರಸವವೇದನೆಯಲ್ಲಿದ್ದ ಕಪ್ಪೆಗೆ ಹಾವು ಹೆಡೆಯೆತ್ತಿ ನೆರಳು ಕೊಟ್ಟಿತೆಂಬ ಐತಿಹ್ಯವುಳ್ಳ ಶೃಂಗೇರಿಯ ಸುತ್ತಮುತ್ತ, ಹಾವಿನ ಸ್ವಭಾವದ ಬಗ್ಗೆ ಇಷ್ಟು ಅವಿಶ್ವಾಸ ಬೆಳೆದದ್ದು ಆಶ್ಚರ್ಯವೇ. ವಾಸ್ತವದಲ್ಲಿ ಇದು ಬಾಲ್ಯದ ಸೀತಾಳೆ ಸಿಡುಬಿನ ವೈರಸ್ಸು. ಸಿಡುಬು ಮಾಗಿದ ಮೇಲೂ ಅದು ನರದ ಬುಡದಲ್ಲಿ ಮಲಗಿದ್ದು, ವಯಸ್ಸಾಗಿ ದೇಹದ ರೋಗನಿರೋಧಕ ಶಕ್ತಿ ಕುಗ್ಗಿದಾಗ ಎದ್ದು, ಆ ಒಂದು ನರ ಹರಡಿರುವ ದಾರಿಯಲ್ಲಿ ಚರ್ಮಕ್ಕೆ ಬರುತ್ತದೆ. ಎಡಬಲದ ನರಗಳು ಬೇರೆಬೇರೆಯಾದ್ದರಿಂದ ಬೊಕ್ಕೆಗಳು ಸಾಮಾನ್ಯವಾಗಿ ಮೈಯ ನಡುಗೆರೆಯನ್ನು ದಾಟುವುದಿಲ್ಲ. ಕೆಮ್ಮಣ್ಣು ಬಳಿದರೂ ಬಳಿಯದಿದ್ದರೂ ತಲೆಗೂ ಬಾಲಕ್ಕೂ ಭೇಟಿಯಾಗುವ ಯೋಗವಿಲ್ಲ. ಎರಡರಿಂದ ನಾಲ್ಕು ವಾರಗಳಲ್ಲಿ ಬೊಕ್ಕೆಗಳು ಒಣಗುತ್ತವೆ ಮತ್ತು ಕೀರ್ತಿ ಕೆಮ್ಮಣ್ಣಿಗೆ ಸಲ್ಲುತ್ತದೆ. ವೈರಸ್ಸಿನ ಮಾತ್ರೆಯಿಂದ ಹೆಚ್ಚು ಪ್ರಯೋಜನವಾಗುವುದು ಬೊಕ್ಕೆ ಎದ್ದ 72 ಗಂಟೆಗಳೊಳಗೆ ಆರಂಭಿಸಿದಾಗ; ಗಡಿ ಬರೆಯುವವರನ್ನು ಕರೆಸುವಷ್ಟರಲ್ಲಿ ಆ ಹೊತ್ತು ಕಳೆದು, ಕೆಲವರಿಗೆ ತಿಂಗಳುಗಟ್ಟಲೆ ನರದ ನೋವು ಉಳಿದುಬಿಡುತ್ತದೆ.

ಜಗಲಿಯ ವೈದ್ಯದ ಯಶಸ್ಸಿನ ಗುಟ್ಟು ಇಲ್ಲಿಯೇ ಇದೆ: ಅದು ತಾನಾಗಿ ಹೋಗುವ ಕಾಯಿಲೆಗಳನ್ನೇ ಆರಿಸಿಕೊಂಡು ಗುಣಪಡಿಸುತ್ತದೆ. ಕಾಮಾಲೆಗೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಕೊಡುವ ಸೊಪ್ಪಿನ ಮದ್ದಿನ ಪ್ರಖ್ಯಾತಿಯೂ ಹಾಗೆ ಬಂದದ್ದು. ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ಎ ಎಂಬ ಯಕೃತ್ತಿನ ಉರಿಯೂತವು ಬಹುತೇಕರಲ್ಲಿ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಆದರೆ ಕಣ್ಣು ಹಳದಿಯಾದದ್ದೆಲ್ಲ ಒಂದೇ ಕಾಯಿಲೆಯಲ್ಲ. ಇಲಿಯ ಮೂತ್ರ ಬೆರೆತ ಕೆಸರಿನಲ್ಲಿ, ಕಾಲಿನ ಸಣ್ಣ ಗಾಯದ ಮೂಲಕ ಒಳಸೇರುವ ಇಲಿಜ್ವರದಲ್ಲೂ ಕಣ್ಣು ಹಳದಿಯಾಗುತ್ತದೆ. ಗದ್ದೆ ತೋಟಗಳಲ್ಲಿ ದುಡಿಯುವವರಿಗೆ ಅದು ಅಪರೂಪವಲ್ಲ, ಅದಕ್ಕೆ ಆ್ಯಂಟಿಬಯೋಟಿಕ್ ಬೇಕು, ತಡಮಾಡಿದರೆ ಮೂತ್ರಪಿಂಡ ಕೆಡುತ್ತದೆ. ಮಂಗನ ಕಾಯಿಲೆಯ ಮಾತೂ ಇಂಥದೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ, ಈ ಮೂರು ತಾಲ್ಲೂಕುಗಳಲ್ಲೂ ಕಾಣಿಸಿಕೊಂಡಿರುವ ಈ ಜ್ವರವನ್ನು ಮನುಷ್ಯನಿಗೆ ಅಂಟಿಸುವುದು ಉಣುಗು. ಮಂಗವು ಅದೇ ಉಣುಗು ಕಚ್ಚಿ ಮೊದಲು ಸಾಯುವ ಬಡಪಾಯಿ. ಹೆಸರು ಮಾತ್ರ ಅದರ ತಲೆಗೆ ಕಟ್ಟಿದೆ. ಮಂಗವನ್ನು ಕಂಡರೆ ಓಡಿಸುವವರೇ, ಬೇಸಿಗೆಯಲ್ಲಿ ತರಗು ಗುಡಿಸಲು ಕಾಡಿಗೆ ಹೋಗುವಾಗ ಉಣುಗು ಹತ್ತದಿರಲು ಆರೋಗ್ಯ ಇಲಾಖೆ ಹಂಚಿದ ತೈಲವನ್ನು ‘ಮೈಗೆ ಉಷ್ಣ’ ಎಂದು ಕಪಾಟಿನಲ್ಲಿಡುತ್ತಾರೆ.

ಇಷ್ಟರಿಂದ ಈ ಸೀಮೆಯವರಿಗೆ ವಿಜ್ಞಾನವೆಂದರೆ ಆಗದು ಎಂದುಕೊಂಡರೆ ಅದು ಅನ್ಯಾಯ. ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಸೂಕ್ಷ್ಮಜೀವಿಯ ಬಗ್ಗೆ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಬರೆದಾಗಿನಿಂದ ಬೋರ್ಡೋ ದ್ರಾವಣವು ಇಲ್ಲಿಯ ತೋಟಗಳಲ್ಲಿ ಬೇರೂರಿದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ತಪ್ಪದು. ಹದ ನೋಡಲು ಚಾಕುವಿನ ಅಲಗನ್ನು ಅದ್ದಿ, ಕೆಂಪು ಕೂತರೆ ಇನ್ನಷ್ಟು ಸುಣ್ಣ ಬೆರೆಸುತ್ತಾರೆ. ಮಳೆಗೆ ಮುಂಚೆ ಒಮ್ಮೆ, ಸುಮಾರು ನಲವತ್ತು ದಿನ ಕಳೆದು ಮತ್ತೊಮ್ಮೆ ಹೊಡೆಯುತ್ತಾರೆ. ಅಡಿಕೆ ಮರಕ್ಕೆ ನಂಜಾಗಿದೆಯೆಂದು ಗೊಬ್ಬರ ನಿಲ್ಲಿಸಿ ಗಂಜಿ ಹಾಕಿದವರಿಲ್ಲ.

ಅದೇ ಅಡಿಕೆಯ ಮೇಲೆ ದೂರು ಬಂದಾಗಲಂತೂ ಜಗಲಿಯ ವೈಜ್ಞಾನಿಕ ಮನೋಧರ್ಮ ಪೂರ್ಣವಾಗಿ ಎಚ್ಚರಗೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು, ಹೊಗೆಸೊಪ್ಪಿಲ್ಲದ ಎಲೆಯಡಿಕೆಯೂ ಅಡಿಕೆಯೂ ಮನುಷ್ಯನಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳೆಂದು 2004ರಲ್ಲಿ ಪ್ರಕಟಿಸಿತು. ಎಲೆಯಡಿಕೆ ಹಲ್ಲಿಗೆ ಬಲ, ಜೀರ್ಣಕ್ಕೆ ಹಿತವೆಂದು ಯಾವ ಪುರಾವೆಯನ್ನೂ ಕೇಳದೆ ಒಪ್ಪಿದ್ದ ಜಗಲಿಯು ಆ ದಿನದಿಂದ ಪ್ರಶ್ನೆಗಳ ಮೇಲೆ ಪ್ರಶ್ನೆ ಕೇಳುತ್ತಿದೆ: ಎಷ್ಟು ಜನರನ್ನು ಪರೀಕ್ಷಿಸಿದರು, ಸುಣ್ಣದ ಪಾಲೆಷ್ಟು, ಎಲೆಯ ಪಾಲೆಷ್ಟು, ಹಸಿ ಅಡಿಕೆಯೋ ಬೇಯಿಸಿದ್ದೋ, ಯಾವ ಊರಿನದು? ಪ್ರಶ್ನೆಗಳೇನೋ ಉತ್ತಮವಾದವೇ. ಅವೆಲ್ಲ ಮುಗಿದ ಮೇಲೆ, ತೊಂಬತ್ತು ವರ್ಷದವರೆಗೆ ದಿನವಿಡೀ ಎಲೆಯಡಿಕೆ ಜಗಿದು ಗಟ್ಟಿಮುಟ್ಟಾಗಿದ್ದ ಒಬ್ಬ ಅಜ್ಜನನ್ನು ಅಂತಿಮ ಸಾಕ್ಷಿಯಾಗಿ ಕರೆಯಲಾಗುತ್ತದೆ. ಹಾಗೆಯೇ ಜಗಿದು ಐವತ್ತಕ್ಕೇ ತೀರಿಕೊಂಡ ಅಜ್ಜಂದಿರು ಸಾಕ್ಷ್ಯ ಹೇಳಲು ಲಭ್ಯವಿರುವುದಿಲ್ಲ.